ಐದನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆ ಬಂದ ವರ್ಷ

ಹೋದ ತಿಂಗಳು ನಮ್ಮೂರ ಶಾಲೆಯಲ್ಲಿ ಕಣ್ಣು ತಪಾಸಣೆ ಇದೆ ಎಂದು ಹೋಗಿದ್ದೆ. ಗೇಟು ದಾಟುತ್ತಲೇ ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಒಬ್ಬ ಏಣಿ ಹತ್ತಿ ಗೋಡೆಯ ಮೇಲಿದ್ದ ಹಳೆಯ ಯೋಜನೆಯ ಹೆಸರನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದ. ಕೆಳಗೆ ಹೊಸ ಯೋಜನೆಯ ಹೆಸರು ಬರೆಯಲು ಹಳದಿ ಬಣ್ಣ ಕಲಸಿಟ್ಟಿದ್ದರು. ಆ ಗೋಡೆಯನ್ನು ನಾನು ಮೂವತ್ತೈದು ವರ್ಷ ದಿನಾ ನೋಡಿದ್ದೇನೆ. ಅದರ ಮೇಲೆ ಎಷ್ಟು ಯೋಜನೆಗಳು ಬಂದುಹೋಗಿವೆಯೆಂದರೆ ಬಣ್ಣದಿಂದಲೇ ಗೋಡೆ ಒಂದು ಬೆರಳು ದಪ್ಪವಾಗಿದೆ. ಒಳಗೆ ಕೂತ ಮಕ್ಕಳ ತಲೆಗೆ ಏನು ಹತ್ತಿತು ಎಂದು ಏಣಿ ಹಾಕಿ ನೋಡಿದವರು ಯಾರೂ ಇಲ್ಲ.

ಕಣ್ಣು ನೋಡುವ ಹುಡುಗಿ ನನ್ನ ನರೆತ ಕೂದಲು, ಬರಿ ಹಣೆ ನೋಡಿದವಳೇ ಅಕ್ಷರದ ಹಲಗೆಯನ್ನು ಹಿಂಬದಿಗೆ ತಿರುಗಿಸಿದಳು. ಅಕ್ಷರ ಬಾರದವರಿಗೆಂದು ಇನ್ನೊಂದು ಬದಿಯಲ್ಲಿ ಮೂರು ಕಾಲಿನ ಕಡ್ಡಿಗಳ ಗುರುತು ಇರುತ್ತದೆ. ಕಾಲು ಯಾವ ಕಡೆ ತಿರುಗಿದೆ, ಬೆರಳಲ್ಲಿ ತೋರಿಸಿ ಎಂದಳು. ತೋರಿಸಿದೆ. ನನಗೆ ಎರಡು ಭಾಷೆ ಓದಲು ಬರುತ್ತದೆ ತಾಯಿ ಎಂದು ಹೇಳಬೇಕಿತ್ತು. ಬಾಯಿ ಏಳಲಿಲ್ಲ. ನನ್ನ ಸ್ವಭಾವ ಮೊಮ್ಮಕ್ಕಳಾದ ನಿಮಗೆ ಗೊತ್ತೇ ಇದೆ. ನಾಲ್ಕು ಜನ ಇದ್ದ ಕಡೆ ನನ್ನ ನಾಲಿಗೆ ಒಳಗೆ ಮಡಚಿಕೊಂಡುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ರಜೆಯಲ್ಲಿ ಬಂದಾಗ ನಿಮ್ಮಿಬ್ಬರಿಗೂ ನಾನು ಕಲಿಸಿದ ಕನ್ನಡ ಅಕ್ಷರಗಳು ಸೇಲಂ ಸೇರುವಷ್ಟರಲ್ಲಿ ಮರೆತುಹೋಗಿರದಿದ್ದರೆ ನಿಧಾನವಾಗಿ ಓದಿಕೊಳ್ಳಿ.

ಅದೇ ವಾರ ಟೀವಿಯಲ್ಲಿ ದೊಡ್ಡ ಮನುಷ್ಯರು ಕೂತು ಜಗಳವಾಡುತ್ತಿದ್ದರು. ಐದನೇ ಕ್ಲಾಸಿನಲ್ಲಿ ಮಕ್ಕಳನ್ನು ಫೇಲು ಮಾಡಬೇಕು ಎಂದು ದಿಲ್ಲಿಯ ಕಡೆಯವರು, ಮಾಡುವುದಿಲ್ಲ ಎಂದು ಚೆನ್ನೈಯ ಕಡೆಯವರು. ಮೂರು ಭಾಷೆ ಕಲಿಸಬೇಕು ಎಂದು ಅವರು, ಎರಡೇ ಸಾಕು ಎಂದು ಇವರು. ನಮ್ಮ ಬೀದಿಯಲ್ಲಿ ಮಕ್ಕಳು ತೊಟ್ಟಿಲಲ್ಲಿ ಕೇಳುವ ಭಾಷೆ ಅವರ ಮೂರರಲ್ಲೂ ಇಲ್ಲ, ಇವರ ಎರಡರಲ್ಲೂ ಇಲ್ಲ. ಇಬ್ಬರೂ ಮಕ್ಕಳಿಗಾಗಿಯೇ ಪ್ರಾಣ ಬಿಡುತ್ತಿದ್ದೇವೆ ಎನ್ನುವವರ ಹಾಗೆ ಮೇಜು ಗುದ್ದುತ್ತಿದ್ದರು. ಆ ಮೇಜಿನ ಸದ್ದು ಕೇಳಿ ನನಗೆ ಮಾದೇಶನ ಮಗ್ಗದ ಷೆಡ್ಡು ನೆನಪಾಯಿತು, ಅವನ ಮಗಳು ಪವಿತ್ರಾ ನೆನಪಾದಳು, ನನ್ನ ಕೆಲಸದ ಕೊನೆಯ ವರ್ಷ ನೆನಪಾಯಿತು.

ನಾನು ಹುಟ್ಟಿದ್ದು ಮಾರಂಡಹಳ್ಳಿಯ ಆಚೆ, ರಾಗಿ ಬೆಳೆಯುವ ಒಂದು ಹಟ್ಟಿಯಲ್ಲಿ. ನನ್ನ ದೊಡ್ಡಣ್ಣನ ಕಾಲದಲ್ಲಿ ಶಾಲೆ ಅರ್ಧ ದಿನವಂತೆ. ಉಳಿದರ್ಧ ದಿನ ಮಕ್ಕಳು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕೆಂದು ಮೇಲಿನವರು ಹುಕುಂ ಮಾಡಿದ್ದರು. ಅಣ್ಣ ಮಧ್ಯಾಹ್ನ ಎಮ್ಮೆ ಕಾಯುವುದನ್ನು ಕಲಿತ. ಆ ವಿದ್ಯೆಗೆ ಸರ್ಕಾರದ ಹುಕುಂ ಅಣ್ಣನಿಗೂ ಬೇಕಿರಲಿಲ್ಲ, ಎಮ್ಮೆಗೂ ಬೇಕಿರಲಿಲ್ಲ. ನನ್ನ ಕಾಲಕ್ಕೆ ಇಡೀ ದಿನದ ಶಾಲೆ ಬಂತು. ಒಂದು ಕೋಣೆ, ಒಬ್ಬ ಕನ್ನಡ ಮೇಷ್ಟ್ರು. ಐದನೇ ಕ್ಲಾಸಿನ ಪರೀಕ್ಷೆಗೆ ಇನ್‌ಸ್ಪೆಕ್ಟರು ಬಂದು ಕುರ್ಚಿಯಲ್ಲಿ ಕೂತು ಒಬ್ಬೊಬ್ಬರನ್ನೇ ಎದುರಿಗೆ ನಿಲ್ಲಿಸಿ ಪಾಠ ಒಪ್ಪಿಸಿಕೊಂಡರು. ನಾನು ತಲೆ ಎತ್ತದೆ ಎಲ್ಲವನ್ನೂ ಹೇಳಿದೆ. ತಲೆ ಎತ್ತದ್ದಕ್ಕೆ ಬೈದರು, ತಪ್ಪಿಲ್ಲದ್ದಕ್ಕೆ ಪಾಸು ಮಾಡಿದರು. ಆ ಬೇಸಿಗೆಗೆ ಮೇಷ್ಟ್ರು ರಿಟೈರಾದರು. ಇನ್ನೊಬ್ಬ ಕನ್ನಡ ಮೇಷ್ಟ್ರನ್ನು ಕಳಿಸಬೇಕೆಂಬುದು ಯಾರಿಗೂ ನೆನಪಾಗಲಿಲ್ಲ. ಆರನೆಯದರಿಂದ ತಮಿಳಿನಲ್ಲಿ ಓದಿ ಎಂದರು. ನನ್ನ ಓದು ಅಲ್ಲಿಗೆ ಮುಗಿಯಿತು.

ಮದುವೆಯಾಗಿ ಈ ಊರಿಗೆ ಬಂದೆ. ತಾರಮಂಗಲಂನಿಂದ ನಂಗವಳ್ಳಿ ಕಡೆ ಹೋಗುವ ದಾರಿಯಲ್ಲಿ ಅರ್ಧ ಹೊಲ, ಅರ್ಧ ಪವರ್‌ಲೂಮ್ ಇರುವ ಊರು. ಬಾಗಿಲೊಳಗೆ ಕನ್ನಡ, ಬಾಗಿಲಾಚೆ ತಮಿಳು. ಎಲ್ಲರೂ ಕನ್ನಡ ಆಡುತ್ತಾರೆ, ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ನಿಮ್ಮ ತಾತ ಹೋದ ಮೇಲೆ ಗಂಡ ಸತ್ತವಳೆಂಬ ಕಾರಣಕ್ಕೆ ಶಾಲೆಯಲ್ಲಿ ಮಧ್ಯಾಹ್ನದ ಅಡುಗೆಯ ಕೆಲಸ ಸಿಕ್ಕಿತು. ಊರಿಗೆಲ್ಲ ನಾನು ಆಯಾ ಆದೆ.

ಅಡುಗೆ ಕೋಣೆಯ ಬಾಗಿಲಿಗೆ ಎದುರಾಗಿಯೇ ಕ್ಲಾಸುಗಳು. ದೇಶದ ವಿದ್ಯೆ ಹೇಗೆ ಹೇಗೆ ಬದಲಾಯಿತು ಎಂದು ನನ್ನನ್ನು ಕೇಳಿ, ಒಲೆಯ ಮುಂದೆ ಕೂತು ಎಲ್ಲವನ್ನೂ ನೋಡಿದ್ದೇನೆ. ಮೊದಲು ಬೆತ್ತವಿತ್ತು. ಮೂರನೇ ಕ್ಲಾಸಿನಲ್ಲಿ ಮೂರು ವರ್ಷ ಕೂತು ಮೀಸೆ ಬರುವ ಹೊತ್ತಿಗೆ ಬಿಟ್ಟುಹೋದವರಿದ್ದರು. ಆಮೇಲೆ ಯಾರನ್ನೂ ಫೇಲು ಮಾಡಬಾರದು ಎಂದರು. ಬೆತ್ತ ಹೋಯಿತು. ಅದು ಹೋದದ್ದು ಒಳ್ಳೆಯದೇ, ಆದರೆ ಅದರ ಜಾಗಕ್ಕೆ ಏನೂ ಬರಲಿಲ್ಲ. ಆಮೇಲೆ ಬೆಂಚು ಬೇಡ, ಮಕ್ಕಳು ನೆಲದ ಮೇಲೆ ಗುಂಡಗೆ ಕೂರಲಿ, ಪುಸ್ತಕ ಬೇಡ, ಕಾರ್ಡು ಕೊಡಿ ಎಂದರು. ಗೋಡೆಯ ಬುಡಕ್ಕೆ ಮಕ್ಕಳ ಎತ್ತರಕ್ಕೆ ಕರಿ ಹಲಗೆ ಬಳಿದರು. ಒಂದು ಕಾರ್ಡು ಮುಗಿಸಿದ ಮಗುವಿನ ಹೆಸರನ್ನು ಏಣಿಯ ಚಿತ್ರದಲ್ಲಿ ಒಂದು ಮೆಟ್ಟಿಲು ಮೇಲೆ ಬರೆಯಬೇಕು. ಮಕ್ಕಳು ಏಣಿ ಹತ್ತಿದರೋ ಇಲ್ಲವೋ, ಹೆಸರುಗಳು ಸರಸರನೆ ಹತ್ತಿದವು. ಆಮೇಲೆ ಎಲ್ಲರಿಗೂ ಒಂದೇ ಪುಸ್ತಕ ಎಂದರು. ಆಮೇಲೆ ಇಂಗ್ಲಿಷ್ ಮೀಡಿಯಂ ಎಂದು ಅದೇ ಕೋಣೆಯಲ್ಲಿ, ಅದೇ ಟೀಚರ ಎದುರಿಗೆ, ಬಲಗಡೆ ಕೂತವರು ಇಂಗ್ಲಿಷು, ಎಡಗಡೆ ಕೂತವರು ತಮಿಳು. ಟೀಚರ್ ನಡುವೆ ನಿಂತು ತಮಿಳಿನಲ್ಲೇ ಇಬ್ಬರಿಗೂ ಹೇಳುತ್ತಿದ್ದರು. ಪ್ರತಿಯೊಂದಕ್ಕೂ ಟ್ರೈನಿಂಗ್, ಪ್ರತಿಯೊಂದಕ್ಕೂ ಬ್ಯಾನರು. ಹಳೆಯ ಕಾರ್ಡುಗಳನ್ನು ಕೊನೆಗೆ ನನ್ನ ಒಲೆಗೇ ಕೊಟ್ಟರು. ಚೆನ್ನಾಗಿ ಉರಿದವು. ಮೂವತ್ತೈದು ವರ್ಷದಲ್ಲಿ ಆ ಕಟ್ಟಡದೊಳಗೆ ಹೇಳಿದ ಹೊತ್ತಿಗೆ ಹೇಳಿದಂತೆ ಮಕ್ಕಳಿಗೆ ಸಿಕ್ಕಿದ್ದು ಅನ್ನ ಒಂದೇ.

ನನ್ನ ಕೆಲಸದ ಆ ಕೊನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ, ಬಾಳೆಕಾಯಿ ಹೆಚ್ಚುತ್ತಿದ್ದಾಗ, ನನ್ನ ಜೊತೆ ಅಡುಗೆ ಮಾಡುತ್ತಿದ್ದ ರಾಜಮ್ಮ ಸುದ್ದಿ ತಂದಳು.

“ಅಕ್ಕಾ, ಐದ್ನೇ ಕ್ಲಾಸ್, ಎಂಟ್ನೇ ಕ್ಲಾಸ್ ಮಕ್ಳಿಗೂ ಈ ವರ್ಸದಿಂದ ಪಬ್ಲಿಕ್ ಪರೀಚ್ಚೆಯಂತೆ!”

“ಯಾರೇ ಯೋಳಿದ್ದು?”

“ಟೀವೀಲೇ ಬಂತು. ಇನ್ ಮುಂದಿನ್ ವರ್ಸ ತೊಟ್ಲು ಮಕ್ಳಿಗೆ ಕಲೆಕ್ಟ್ರು ಪರೀಚ್ಚೆ ಮಡಗ್ತಾರೆ ನೋಡು. ಉಚ್ಚೆ ಉಯ್ದ ಮಗು ಫೇಲು.”

ನಕ್ಕೆವು. ಆದರೆ ಸುದ್ದಿ ನಗುವಂಥದ್ದಾಗಿರಲಿಲ್ಲ. ಮೊದಲು ಪರೀಕ್ಷೆ ಬೇರೆ ಊರಿನ ಸೆಂಟರಿನಲ್ಲಿ ಎಂದರು. ಆಮೇಲೆ ಇಲ್ಲೇ ಎಂದರು. ಫೇಲಾದವರನ್ನು ನಿಲ್ಲಿಸುತ್ತೇವೆ ಎಂದರು. ಆಮೇಲೆ ಕೆಲವು ವರ್ಷ ನಿಲ್ಲಿಸುವುದಿಲ್ಲ, ಪರೀಕ್ಷೆ ಮಾತ್ರ ಎಂದರು. ಈ ಎರಡನೆಯ ಮಾತು ನಮ್ಮ ಬೀದಿಯವರೆಗೆ ಬರಲೇ ಇಲ್ಲ. ಹೆದರಿಸುವ ಸುದ್ದಿ ಬಸ್ಸಿನಲ್ಲಿ ಬರುತ್ತದೆ, ಸಮಾಧಾನದ ಸುದ್ದಿ ನಡೆದುಕೊಂಡು ಬರುತ್ತದೆ.

ಆ ವರ್ಷ ನಮ್ಮ ಶಾಲೆಯ ಐದನೇ ಕ್ಲಾಸಿನಲ್ಲಿ ಒಂಬತ್ತು ಮಕ್ಕಳು. ಅವರಲ್ಲಿ ಪವಿತ್ರಾ ಒಬ್ಬಳು. ಅವಳಪ್ಪ ಮಾದೇಶ ನಮ್ಮ ಬೀದಿಯ ಕೊನೆಯ ಷೆಡ್ಡಿನಲ್ಲಿ ಎರಡು ಮಗ್ಗ ಓಡಿಸುತ್ತಿದ್ದ. ಒಳ್ಳೆಯವನೇ, ಆದರೆ ಬಾಯಿ ಒರಟು. ಸುದ್ದಿ ಕೇಳಿದ ದಿನವೇ ಬೀದಿಯಲ್ಲಿ ನಿಂತು ತೀರ್ಪು ಕೊಟ್ಟ.

“ಪಾಸಾದ್ರೆ ಓಗ್ಲಿ. ಫೇಲಾದ್ರೆ ಕಂಡಿಕೆ ಸುತ್ತಕ್ಕೆ ಕೂತ್ಕಳ್ಳಿ. ಒಂದೇ ಕ್ಲಾಸ್ನ ಎಲ್ಡು ಸತಿ ಓದ್ಸಕ್ಕೆ ನಂಗೇನ್ ಉಚ್ಚಾ?”

ಕಂಡಿಕೆ ಸುತ್ತುವುದೆಂದರೆ ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗಳಿಗೆ ನೂಲು ತುಂಬುವುದು. ನಮ್ಮ ಕಡೆ ಶಾಲೆ ಬಿಟ್ಟ ಹೆಣ್ಣುಮಕ್ಕಳು ಮೊದಲು ಕೂರುವುದು ಅಲ್ಲಿ. ಕೂತವರು ಎದ್ದದ್ದನ್ನು ನಾನು ನೋಡಿಲ್ಲ. ಮದುವೆಗೆ ಒಂದು ಸಲ ಏಳುತ್ತಾರೆ, ಗಂಡನ ಮನೆಯ ಷೆಡ್ಡಿನಲ್ಲಿ ಮತ್ತೆ ಕೂರುತ್ತಾರೆ.

ಪವಿಗೆ ಫೇಲಾಗುವ ಭಯ ಏಕೆ ಎಂದು ನಾನು ಅಂದುಕೊಂಡಿದ್ದೆ. ಅವಳು ಅಡುಗೆ ಕೋಣೆಯ ಕಲ್ಲಿನ ಮೇಲೆ ಕೂತು ತಮಿಳು ಪಾಠವನ್ನು ಗಂಟೆ ಬಾರಿಸಿದ ಹಾಗೆ ಓದುವಳು. ಒಂದು ಮಧ್ಯಾಹ್ನ ಅವಳು ಹಾಗೆ ಓದುತ್ತಿರುವಾಗ ಗಾಳಿಗೆ ಪುಸ್ತಕದ ಹಾಳೆಗಳು ಮಗುಚಿದವು. ನದಿಯ ಪಾಠವಿದ್ದ ಜಾಗಕ್ಕೆ ಕೋಳಿಯ ಚಿತ್ರ ಬಂತು. ಪವಿ ನಿಲ್ಲಿಸಲಿಲ್ಲ. ಕೋಳಿಯ ಮೇಲೆ ಬೆರಳಿಟ್ಟುಕೊಂಡು ನದಿಯನ್ನೇ ಓದುತ್ತಾ ಹೋದಳು.

ನಾನು ಸೌಟು ಇಟ್ಟು ಹತ್ತಿರ ಹೋಗಿ ಕೂತೆ. “ಪವಿ, ಈ ಅಕ್ಸರ ಯಾವ್ದವ್ವಾ?” ಎಂದು ಒಂದನ್ನು ತೋರಿಸಿದೆ. ನನ್ನ ಮುಖ ನೋಡಿದಳು. ಇನ್ನೊಂದು ತೋರಿಸಿದೆ. ಕಣ್ಣು ತುಂಬಿಕೊಂಡವು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಿವಿಯಿಂದಲೇ ಓದಿದ್ದಳು. ಬೇರೆಯವರು ಓದುವುದನ್ನು ಒಂದು ಸಲ ಕೇಳಿದರೆ ಸಾಕು, ಅವಳಿಗೆ ಬಾಯಿಗೆ ಬರುತ್ತಿತ್ತು. ಬರೆಯುವುದನ್ನು ಹಲಗೆ ನೋಡಿ ಚಿತ್ರದ ಹಾಗೆ ಇಳಿಸಿಕೊಳ್ಳುತ್ತಿದ್ದಳು. ಏಣಿಯ ಚಿತ್ರದಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು. ಒಂದೊಂದು ಯೋಜನೆಯೂ ಅವಳನ್ನು ತಾನೇ ಓದಿಸಿದ್ದೆಂದು ಬರೆದುಕೊಂಡಿತ್ತು.

“ಯಾರ್ಗೂ ಯೋಳ್ಬೇಡ ಆಯಾ. ಅಪ್ಪ ಈಗ್ಲೇ ಕೂರಿಸ್ಬುಡ್ತದೆ.”

ಯಾರಿಗೂ ಹೇಳಲಿಲ್ಲ. ಟೀಚರಿಗೆ ಹೇಳಬೇಕಿತ್ತು, ನನ್ನ ನಾಲಿಗೆ ಎಲ್ಲಿ ಏಳಬೇಕು. ನಾನೇ ಕಲಿಸುತ್ತೇನೆ ಎಂದುಕೊಂಡೆ. ಇಲ್ಲಿ ನಾನು ಮಾಡಿದ ಕೆಲಸವನ್ನು ಓದಿ ನೀವು ನಗುತ್ತೀರಿ. ನನಗೆ ತಮಿಳು ಮಾತು ನೀರು ಕುಡಿದ ಹಾಗೆ, ತಮಿಳು ಅಕ್ಷರ ಬಸ್ಸಿನ ಬೋರ್ಡಿನಷ್ಟು ಮಾತ್ರ. ಗಟ್ಟಿಯಾಗಿ ಗೊತ್ತಿದ್ದದ್ದು ಕನ್ನಡ ಅಕ್ಷರ. ಆದ್ದರಿಂದ ಊಟ ಬಡಿಸಿ ಪಾತ್ರೆ ತೊಳೆದ ಮೇಲೆ ದಿನಾ ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ಅವಳಿಗೆ ಕನ್ನಡ ಅಕ್ಷರ ಕಲಿಸಿದೆ. ಬುದ್ಧಿವಂತೆ, ದೀಪಾವಳಿಯ ಹೊತ್ತಿಗೆ ಎಲ್ಲಾ ಕೂಡಿಸಿ ಓದಿದಳು. ಆಮೇಲೆ ಅವಳು ಬಾಯಿಪಾಠ ಹೇಳುತ್ತಿದ್ದ ತಮಿಳು ಪಾಠಗಳನ್ನೆಲ್ಲ ನಾನು ಒಂದು ಉದ್ದ ನೋಟುಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟೆ. ಮಾತು ತಮಿಳು, ಅಕ್ಷರ ಕನ್ನಡ. ಅವಳು ಅದನ್ನು ನೋಡಿ ಓದಿದಳು, ನೋಡಿ ಬರೆದಳು, ನೋಡದೆಯೂ ಬರೆದಳು. ನನಗೆ ಪಬ್ಲಿಕ್ ಪರೀಕ್ಷೆ ಎಂದರೆ ನನ್ನ ಐದನೇ ಕ್ಲಾಸಿನದೇ ಕಣ್ಣ ಮುಂದೆ. ಇನ್‌ಸ್ಪೆಕ್ಟರು ಬರುತ್ತಾರೆ, ಕೂರುತ್ತಾರೆ, ಕೇಳುತ್ತಾರೆ, ಹುಡುಗಿ ಹೇಳುತ್ತಾಳೆ. ಬರೆಯುವ ಪರೀಕ್ಷೆ, ಪೇಪರು ಬೇರೆ ಊರಿಗೆ ಹೋಗುತ್ತದೆ ಎಂಬುದು ನನಗೆ ತೋಚಲೇ ಇಲ್ಲ. ಐವತ್ತು ವರ್ಷದಲ್ಲಿ ಅವರು ಏನೇನೋ ಬದಲಾಯಿಸಿದ್ದರು. ನನ್ನನ್ನು ಕೇಳಿ ಬದಲಾಯಿಸಿರಲಿಲ್ಲವಲ್ಲ.

ಡಿಸೆಂಬರಿನಲ್ಲಿ ಅರ್ಧವಾರ್ಷಿಕ ಪರೀಕ್ಷೆ ನಡೆಯಿತು. ಎರಡನೆಯ ದಿನ ಹೆಡ್‌ಮಿಸ್ಟ್ರೆಸ್ ಟೀಚರ್ ನನ್ನನ್ನು ಆಫೀಸಿಗೆ ಕರೆಸಿದರು. ಕೈಯಲ್ಲಿ ಹುಳಿ ಹತ್ತಿದ ಸೌಟು ಹಾಗೇ ಇತ್ತು. ಅವರ ಮೇಜಿನ ಮೇಲೆ ಪವಿಯ ಉತ್ತರದ ಹಾಳೆ. ಪಕ್ಕದಲ್ಲಿ ನನ್ನ ಉದ್ದ ನೋಟುಬುಕ್ಕು. ಹಾಳೆಯ ತುಂಬ, ಅಂಚಿನವರೆಗೆ, ದುಂಡು ದುಂಡು ಕನ್ನಡ ಅಕ್ಷರ.

“ಎನ್ನಮ್ಮಾ ಇದು? ಕಿರುಕ್ಕಲಾ?” ಎಂದರು. ಇದೇನು, ಗೀಚಿದ್ದಾ ಎಂದು.

“ಕನ್ನಡ, ಟೀಚರ್,” ಎಂದೆ. ನನಗೇ ಕೇಳಿಸಲಿಲ್ಲ.

“ಓದು ನೋಡೋಣ,” ಎಂದರು ತಮಿಳಿನಲ್ಲೇ.

ಬಾಗಿಲಲ್ಲೇ ನಿಂತು ಓದಿದೆ. “ಮರಂ ನಮಕ್ಕು ನಿಳಲ್ ತರುಂ,” ಎಂದು ಮೊದಲ ಉತ್ತರ. ಮರ ನಮಗೆ ನೆರಳು ಕೊಡುತ್ತದೆ. ಟೀಚರ್ ಪ್ರಶ್ನೆ ಪತ್ರಿಕೆ ನೋಡಿದರು. ಎರಡನೆಯದು ಓದಿದೆ, ಮೂರನೆಯದು ಓದಿದೆ. ಒಂದೂ ತಪ್ಪಿರಲಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ. “ಎಲ್ಲಾ ಸರಿಯಾಗಿದೆ ಆಯಾ. ಪಬ್ಲಿಕ್ ಪೇಪರು ತಿದ್ದುವ ಊರಿಗೆ ನೀನೂ ಸೌಟು ಹಿಡಿದುಕೊಂಡು ಹೋಗಿ ಓದಿ ಹೇಳುತ್ತೀಯಾ?”

ಅವರನ್ನು ನಾನು ಪೂರ್ತಿ ದೂಷಿಸಲಾರೆ. ಒಂಬತ್ತು ಮಕ್ಕಳಲ್ಲಿ ಒಬ್ಬಳು ಫೇಲಾದರೂ ಶಾಲೆಯ ನೂರಕ್ಕೆ ನೂರು ರಿಸಲ್ಟು ಹೋಗುತ್ತದೆ. ಮೀಟಿಂಗಿನಲ್ಲಿ ಪ್ರತಿ ಶಾಲೆಯ ಹೆಸರು ಕರೆದು ನಿಲ್ಲಿಸಿ ಕೇಳುತ್ತಾರೆ. ಹೆದರಿಸುವವರು ಮೇಲೆ ಇದ್ದರು, ಇವರು ಹೆದರಿದರು, ಕೆಳಗೆ ಪವಿ ಇದ್ದಳು. ಮಾದೇಶನನ್ನು ಕರೆಸಿ ನಮ್ಮೆದುರಿಗೇ ಹೇಳಿದರು. ಏಪ್ರಿಲ್ ಕಳೆಯುವವರೆಗೆ ಹುಡುಗಿಯನ್ನು ಕಳಿಸಬೇಡ, ಫೇಲಾಗಿ ಅವಮಾನವಾಗುವುದಕ್ಕಿಂತ ಮನೆಯಲ್ಲಿರಲಿ, ಹೆಸರನ್ನು ಕಾಮನ್ ಪೂಲ್‌ಗೆ ಹಾಕುತ್ತೇನೆ ಎಂದರು. ಯಾವ ಶಾಲೆಗೂ ಸೇರದ ಮಕ್ಕಳನ್ನು ದೂಡಿಡಲು ಕಂಪ್ಯೂಟರಿನಲ್ಲಿ ಒಂದು ಹಳ್ಳ ಇದೆ, ಅದಕ್ಕೆ ಅವರು ಆ ಹೆಸರಿಟ್ಟಿದ್ದಾರೆ. ಓದು ಮಕ್ಕಳ ಹಕ್ಕು ಎಂದು ಅದೇ ಆಫೀಸಿನ ಹೊರಗೋಡೆಯ ಮೇಲೆ ಬರೆದಿತ್ತು.

ಹೊರಗೆ ಬಂದಾಗ ಪವಿ ನನ್ನ ಸೆರಗು ಹಿಡಿದಳು.

“ನಾನ್ ಬರ್ದಿದ್ದು ಸರೀನಾ ತಪ್ಪಾ ಆಯಾ?”

“ಸರೀನೇ ಕಣವ್ವ.”

“ಮತ್ಯಾಕೆ?”

ಮಾದೇಶ ಅವಳ ಕೈ ಎಳೆದುಕೊಂಡ. ನನ್ನ ಕಡೆ ತಿರುಗಿ, “ನಿನ್ ಕನ್ನಡ್ದಿಂದ ಒಳ್ಳೇ ಉದ್ದಾರ ಆಯ್ತು ಆಯಾ,” ಎಂದ. ಅವನು ಬೈದದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಮಾರನೆಯ ದಿನದಿಂದ ಪವಿ ಕಂಡಿಕೆ ಸುತ್ತಲು ಕೂತಳು.

ಒಂದು ವಾರ ನನಗೆ ಅನ್ನ ಸೇರಲಿಲ್ಲ. ಪೊಂಗಲ್ ಕಳೆದ ಮೇಲೆ ರಾಜಮ್ಮನ ಮೊಮ್ಮಗಳ ಒಂದನೇ ಕ್ಲಾಸಿನ ತಮಿಳು ಪುಸ್ತಕ ಕೇಳಿ ತೆಗೆದುಕೊಂಡೆ.

“ರಿಟೈರಾಗೋ ಟೈಮ್ಗೆ ಒಂದ್ನೇ ಕ್ಲಾಸ್ ಸೇರ್ಕಂಡ್ಯಾ ಅಕ್ಕಾ? ಯೂನಿಫಾರಂ ಒಲ್ಸಿ ಕೊಡ್ಲಾ?” ಎಂದು ರಾಜಮ್ಮ ನಕ್ಕಳು. “ಎಲ್ಡು ಜಡೆ ಆಕಿ ರಿಬ್ಬನ್ನೂ ಕಟ್ಬುಡ್ತೀನಿ.”

ಪಾತ್ರೆ ತೊಳೆದ ಮೇಲೆ ದಿನಾ ಮಾದೇಶನ ಷೆಡ್ಡಿಗೆ ಹೋದೆ. ಅವನು ಮೊದಲ ದಿನ ಮುಖ ತಿರುಗಿಸಿದ, ಬೇಡ ಎನ್ನಲಿಲ್ಲ, ನಾವು ಏನು ಮಾಡುತ್ತೇವೆಂದು ಬಗ್ಗಿ ನೋಡಲೂ ಇಲ್ಲ. ಪವರ್‌ಲೂಮ್ ಷೆಡ್ಡಿನೊಳಗೆ ಹೋದವರಿಗೆ ಗೊತ್ತು, ಅಲ್ಲಿ ಮಾತು ಎಂಬುದೇ ಇಲ್ಲ. ಮಗ್ಗ ಓಡಲು ಶುರುವಾದರೆ ಎದೆಯೊಳಗಿನ ಮೂಳೆ ಅಲುಗುತ್ತದೆ, ಪಕ್ಕದವರು ಕಿರುಚಿದರೂ ಬಾಯಿ ಆಡುವುದು ಕಾಣುತ್ತದೆ ಅಷ್ಟೆ. ನನ್ನಂಥವಳಿಗೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ತಮಿಳು ಅಕ್ಷರ ಬರೆಯುತ್ತಿದ್ದೆ, ಅದರ ಕೆಳಗೆ ನಮ್ಮ ಕನ್ನಡ ಅಕ್ಷರ. ಪವಿ ಒಂದು ಕಡ್ಡಿ ತುಂಬಿ ಇನ್ನೊಂದು ಸಿಕ್ಕಿಸುವ ಸಂದಿನಲ್ಲಿ ಬಗ್ಗಿ ನೋಡಿ ಬರೆಯುತ್ತಿದ್ದಳು. ತಪ್ಪಾದರೆ ತಲೆ ಅಲ್ಲಾಡಿಸುತ್ತಿದ್ದೆ. ಅವಳೂ ಕಲಿತಳು, ನಾನೂ ಕಲಿತೆ. ನಾಲ್ಕೈದು ದಿನವಾದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಕ್ಲಾಸಿನಲ್ಲಿ ಅವಳ ಕಿವಿ ಅವಳಿಗೆ ಮೋಸ ಮಾಡುತ್ತಿತ್ತು. ಯಾರಾದರೂ ಓದಿದ್ದು ಕಿವಿಗೆ ಬಿದ್ದರೆ ಕಣ್ಣು ಕೆಲಸ ನಿಲ್ಲಿಸಿಬಿಡುತ್ತಿತ್ತು. ಇಲ್ಲಿ ಕಿವಿಗೆ ಏನೂ ಬೀಳುವಂತಿರಲಿಲ್ಲ. ಕಣ್ಣು ದುಡಿಯಲೇಬೇಕಾಯಿತು. ಎಷ್ಟೋ ಟ್ರೈನಿಂಗ್ ಮುಗಿಸಿ ಬಂದವರಿಗೆ ಹೊಳೆಯದ ಉಪಾಯವನ್ನು ಹಳೆಯ ಎರಡು ಮಗ್ಗಗಳು ಮಾಡಿದವು.

ಫೆಬ್ರವರಿ ಮೊದಲಲ್ಲಿ ಒಂದು ಬೆಳಿಗ್ಗೆ ರಾಜಮ್ಮ ಓಡಿಬಂದಳು. ಕೈಯಲ್ಲಿ ಟೀ ಅಂಗಡಿಯ ಪೇಪರು.

“ಅಕ್ಕಾ, ಪರೀಚ್ಚೆ ಕ್ಯಾನ್ಸಲ್! ಐದ್ನೇದೂ ಇಲ್ಲ, ಎಂಟ್ನೇದೂ ಇಲ್ಲ!”

“ಯಾಕಂತೆ?”

“ಯಾಕೆ ಮಡಗಿದ್ರು ಅಂತಾನೇ ಗೊತ್ತಿಲ್ಲ, ಯಾಕೆ ತಗ್ದ್ರು ಅಂತ ಯಾರ್ಗೆ ಗೊತ್ತು?”

ಅಂದು ಬೇಳೆ ಬೇಯುವುದನ್ನು ಅವಳಿಗೆ ಬಿಟ್ಟು ಪೇಪರು ತೆಗೆದುಕೊಂಡು ಷೆಡ್ಡಿಗೆ ಹೋದೆ. ಮಾದೇಶ ಮಗ್ಗದ ನಡುವೆ ನಿಂತಿದ್ದ. ಹೇಳಿದೆ, ಕೇಳಿಸಲಿಲ್ಲ. 'ಆಂ?' ಎಂದು ಅವನ ಬಾಯಿ ಆಡಿತು. ಇನ್ನೊಮ್ಮೆ ಹೇಳಿದೆ. ಕೈ ಅಲ್ಲಾಡಿಸಿದ. ಹುಟ್ಟಿದಾಗಿನಿಂದ ಒಳಗಿಟ್ಟುಕೊಂಡಿದ್ದ ದನಿಯನ್ನೆಲ್ಲ ತೆಗೆದು ಕಿರುಚಿದೆ. “ಪರೀಚ್ಚೇನೇ ಇಲ್ಲ ಕಣೋ! ನಿನ್ ಮಗ್ಳುನ್ನ ಸ್ಕೂಲ್ಗೆ ಕಳ್ಸೋ ಮಾದೇಸಾ!” ಅದೇ ಕ್ಷಣಕ್ಕೆ ಅವನು ಹಿಡಿಕೆ ಎಳೆದು ಎರಡೂ ಮಗ್ಗ ನಿಲ್ಲಿಸಿದ್ದ. ನನ್ನ ಕಿರುಚು ತಗಡಿನ ಸೂರಿಗೆ ಬಡಿದು ಬೀದಿಗೆಲ್ಲ ಹೋಯಿತು. ಎದುರು ಮನೆಯವರು ಯಾರು ಸತ್ತರೋ ಎಂದು ಹೊರಗೆ ಬಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು.

ಮಾದೇಶ ಬೆವರು ಒರೆಸಿಕೊಂಡ. “ಈಗೇನಾಯ್ತು ಅಂತ ಬಡ್ಕಂತೀಯಾ ಆಯಾ? ಅವತ್ತು ಎಲ್ಲಾರ್ನೂ ಫೇಲ್ ಮಾಡ್ತೀವಿ ಅಂದ್ರು. ಇವತ್ತು ಎಲ್ಲಾರೂ ಪಾಸು ಅಂತಾರೆ. ಎಲ್ಡ್ರಲ್ಲೂ ನನ್ ಮಗ್ಳಿಗೆ ಓದಕ್ಕೆ ಬರಾಕಿಲ್ಲ. ಸುಮ್ನೆ ಓಗಿ ಕೂತ್ಕಂಡು ಬರಕ್ಕೆ ನಿಮ್ ಸ್ಕೂಲೇ ಆಗ್ಬೇಕಾ? ಇಲ್ಲೂ ಕೂತವ್ಳೆ.”

ನಾನು ಆ ಕಡೆ ಈ ಕಡೆಯ ದೊಡ್ಡವರ ಮಾತು ಎಷ್ಟೋ ಕೇಳಿದ್ದೇನೆ. ಇಷ್ಟು ಸರಿಯಾದ ಮಾತು ಯಾರೂ ಆಡಿದ್ದಿಲ್ಲ. ಪೇಪರನ್ನು ಪವಿಯ ಕೈಗೆ ಕೊಟ್ಟೆ. ಅವಳು ಎದ್ದು ನಿಂತು, ಪರೀಕ್ಷೆ ರದ್ದಾದ ಸುದ್ದಿಯನ್ನು ಬೆರಳಿಟ್ಟು ಓದಿದಳು. ಗಂಟೆ ಬಾರಿಸಿದ ಹಾಗೆ ಅಲ್ಲ. ಕಲ್ಲು ದಾರಿಯಲ್ಲಿ ಬರಿಗಾಲಲ್ಲಿ ನಡೆದ ಹಾಗೆ, ಒಂದೊಂದೇ.

ಮಾದೇಶನಿಗೆ ಮಗಳ ಕಿವಿ ಗೊತ್ತಿತ್ತು. “ಯಾರೋ ಓದಿದ್ದು ಕೇಳ್ಸ್ಕಂಡವ್ಳೆ,” ಎಂದು ಪೇಪರು ಕಿತ್ತುಕೊಂಡು ಮಗುಚಿ ಮೂಲೆಯೊಂದರಲ್ಲಿ ಬೆರಳಿಟ್ಟ. “ಇದ ಓದು.”

ಅದು ಯಾರೋ ತೀರಿಕೊಂಡವರ ಜಾಹೀರಾತು. ಪವಿ ಓದಿದಳು. “ಕಣ್ಣೀರ್ ಅಂಜಲಿ,” ಎಂದಳು. ಸತ್ತವರ ಹೆಸರು ಓದಿದಳು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಅಳಿಯಂದಿರು ಎಲ್ಲರ ಹೆಸರನ್ನೂ ಒಂದೂ ಬಿಡದೆ ಓದಿದಳು. ಮಾದೇಶ ತಾನೂ ಬಗ್ಗಿ ತುಟಿ ಆಡಿಸುತ್ತ ಅವಳ ಜೊತೆ ಓದಿ ನೋಡಿಕೊಳ್ಳುತ್ತಿದ್ದ. ಕೊನೆಯ ಮೊಮ್ಮಗನ ಹೆಸರು ಮುಗಿದ ಮೇಲೆ ಪೇಪರು ಮಡಚಿದ.

“ಯಾವಾಗ ಕಲ್ತೆಯಮ್ಮೀ?”

“ಇಲ್ಲೇ. ನೀನು ಮಗ್ಗ ಓಡಿಸ್ತಿದ್ದಾಗ.”

ಅವನು ಮುಖ ಆ ಕಡೆ ಮಾಡಿಕೊಂಡು ಮಗ್ಗದ ಹಿಡಿಕೆಯನ್ನು ಒಂದಷ್ಟು ಹೊತ್ತು ಬಟ್ಟೆಯಿಂದ ಒರೆಸಿದ. ಆಮೇಲೆ, “ಓಗಿ ಮುಖ ತೊಳ್ಕಂಡು ಬ್ಯಾಗ್ ತಗ,” ಎಂದ.

ಹೆಡ್‌ಮಿಸ್ಟ್ರೆಸ್ ನಮ್ಮನ್ನು ಕಂಡು ಕುರ್ಚಿಯಿಂದ ಎದ್ದುಬಿಟ್ಟರು. ಪರೀಕ್ಷೆ ಇದ್ದಾಗ ಒಂದು ತಲೆ ಹೆಚ್ಚಾಗಿತ್ತು. ಪರೀಕ್ಷೆ ಇಲ್ಲದಾಗ ಒಂದು ತಲೆ ಕಡಿಮೆಯಾಗಿತ್ತು. ಮಕ್ಕಳ ಸಂಖ್ಯೆ ಇಳಿದರೆ ಒಬ್ಬ ಟೀಚರನ್ನು ಬೇರೆ ಕಡೆಗೆ ಎತ್ತುತ್ತಾರಂತೆ. ಪವಿಯನ್ನು ಕಂಪ್ಯೂಟರಿನ ಹಳ್ಳದಿಂದ ಅರ್ಧ ಗಂಟೆಯಲ್ಲಿ ಮೇಲೆತ್ತಿದರು. ನಾನು ಹೇಳಿದೆ, ನನ್ನ ಬಾಯಿಂದಲೇ ಹೇಳಿದೆ, ಇವಳಿಗೆ ಈಗ ತಮಿಳು ಓದಲು ಬರುತ್ತದೆ ಟೀಚರ್, ಓದಿಸಿ ನೋಡಿ ಎಂದು. “ಆಗಲಿ ಆಗಲಿ,” ಎಂದರು. ಓದಿಸಲಿಲ್ಲ. ಅದಕ್ಕೆ ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲವೇನೋ.

ಪವಿ ಶಾಲೆಗೆ ಹೋದದ್ದು ಆರು ವಾರ. ಮಾರ್ಚಿನಲ್ಲಿ ಆ ರೋಗ ಬಂತು, ದೇಶದ ಬಾಗಿಲೆಲ್ಲ ಮುಚ್ಚಿತು, ಎಲ್ಲರೂ ಪಾಸು ಎಂದರು. ಓದಿದವರು, ಓದದವರು, ಶಾಲೆಯಲ್ಲಿದ್ದವರು, ಹಳ್ಳದಲ್ಲಿದ್ದವರು, ಎಲ್ಲರೂ ಒಂದೇ ಸಾಲಿನಲ್ಲಿ ಪಾಸು. ನಾನೂ ಆ ಬೇಸಿಗೆಗೆ ರಿಟೈರಾದೆ. ಈಗ ಪವಿ ತಾರಮಂಗಲಂನಲ್ಲಿ ಹನ್ನೊಂದನೇ ಕ್ಲಾಸು, ಪ್ಲಸ್ ಒನ್ ಓದುತ್ತಿದ್ದಾಳೆ. ಹೋದ ಸಲ ನೀವು ಬಂದಾಗ ನಮ್ಮೆಲ್ಲರನ್ನೂ ಮೆಟ್ಟಿಲ ಮೇಲೆ ಕೂರಿಸಿ ಫೋಟೋ ತೆಗೆದ ಎತ್ತರದ ಹುಡುಗಿ ಅವಳೇ.

ಆರನೇ ಕ್ಲಾಸಿಗೆ ಸೇರಿಸಲು ಟಿ.ಸಿ. ಕೊಡುತ್ತಾರೆಂದು ಆಡಿ ಮಾಸ, ನಮ್ಮ ಆಷಾಢ, ಕಳೆದ ಮೇಲೆ ಕರೆದರು. ಮಾದೇಶ ನನ್ನನ್ನೂ ಕರೆದುಕೊಂಡು ಹೋದ. ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದೆವು. ಪೆನ್ನು ಹುಡುಕುತ್ತ ಹೆಡ್‌ಮಿಸ್ಟ್ರೆಸ್ ಟೀಚರ್ ಒಳಗಿನ ಕೋಣೆಗೆ ಹೋದಾಗ ಮೇಜಿನ ಮೇಲೆ ಹಾಜರಿ ಪುಸ್ತಕ ತೆರೆದೇ ಇತ್ತು. ಜನವರಿಯ ಹಾಳೆ. ಪವಿ ತನ್ನ ಹೆಸರು ಹುಡುಕಿ ಅದರ ಮುಂದೆ ಬೆರಳು ಓಡಿಸಿದಳು. ಪೊಂಗಲ್ ರಜೆ ಬಿಟ್ಟು ಒಂದು ದಿನವೂ ಖಾಲಿ ಇರಲಿಲ್ಲ. ಹಾಳೆ ಮಗುಚಿದಳು. ಫೆಬ್ರವರಿಯ ಮೊದಲ ದಿನಗಳೂ ಭರ್ತಿ. ಬಿಟ್ಟುಹೋದ ಮಗು ಎಂದು ಯಾರೂ ಕೇಳದಿರಲಿ ಎಂದು ಟೀಚರ್ ಆಮೇಲೆ ಕೂತು ಎಲ್ಲಾ ಮನೆಗಳನ್ನೂ ಒಂದೇ ಇಂಕಿನಲ್ಲಿ ತುಂಬಿದ್ದರು.

“ಏನಮ್ಮೀ ಬರ್ದೈತೆ?” ಎಂದು ಮಾದೇಶ ಕೇಳಿದ.

“ನಾನು ದಿನಾ ಸ್ಕೂಲ್ಗೆ ಬಂದಿವ್ನಿ ಅಂತ ಬರ್ದೈತೆ ಅಪ್ಪಾ. ಒಂದ್ ದಿನಾನೂ ತಪ್ಸಿಲ್ಲ.”

ಅದುವರೆಗಿನ ನಾಲ್ಕೂವರೆ ವರ್ಷ ಅವಳು ನಿಜವಾಗಿಯೂ ಕ್ಲಾಸಿಗೆ ಬಂದು ಕೂತು ಒಂದು ತಮಿಳು ಅಕ್ಷರ ಕಲಿತಿರಲಿಲ್ಲ. ಬಾರದ ದಿನಗಳಲ್ಲಿ ತಮಿಳು ಓದಲು ಕಲಿತಿದ್ದಳು.

ಮಾದೇಶ ಮುಖದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿದ. “ಅಂಗಾದ್ರೆ ನಮ್ ಷೆಡ್ಡೂ ಗೌರ್ಮೆಂಟ್ ಸ್ಕೂಲೇ ಆಗೋಯ್ತಲ್ಲಾ ಆಯಾ! ಎಲ್ಡು ಮಗ್ಗಾನೂ ಟೀಚ್ರು. ಸಂಬ್ಳ ಯಾರತ್ರ ಕೇಳ್ಬೇಕು?” ಎಂದ. ಪವಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೂ ತಡೆಯಲಾಗಲಿಲ್ಲ. ಆ ಆಫೀಸಿನಲ್ಲಿ ನಾನು ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಟೀಚರ್ ಪೆನ್ನು ಹಿಡಿದು ಹೊರಗೆ ಬಂದರು. ಅವರಿಗೆ ನಮ್ಮ ಮಾತು ಬರುವುದಿಲ್ಲ. ನಾವು ನಗುವುದನ್ನು ಕಂಡು, ಪಾಸಾದ ಖುಷಿ ಎಂದುಕೊಂಡು, ಅವರೂ ನಕ್ಕರು.